ಷಡ್ಡಕನಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು?

ಈ ವಾರ ಗಂಗಾವತಿಯಲ್ಲಿ ನಡೆದ ಬೀಗರೂಟದಲ್ಲಿ ಕೇಳಿದ ಒಂದು ಮಾತು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ನನ್ನ ಷಡ್ಡಕರ ಮಗಳು ಸ್ಪೇನಿನ ವಲೆನ್ಸಿಯಾದ ಹುಡುಗನನ್ನು ಮದುವೆಯಾಗಿದ್ದಾಳೆ. ಹುಡುಗನ ತಂದೆತಾಯಿ ಬಂದಿದ್ದರು. ಅವರದೂ ಭತ್ತದ ಸೀಮೆಯೇ, ಅಲ್ಬುಫೆರಾ ಎಂಬ ಸರೋವರದ ಸುತ್ತ ಗದ್ದೆಗಳಿವೆ ಎಂದು ತಿಳಿದ ಮೇಲೆ ಅಕ್ಕಿ ಗಿರಣಿಯ ನಮ್ಮ ಷಡ್ಡಕರಿಗೆ ಬೀಗರೊಡನೆ ಮಾತಿಗೆ ಬರವೇ ಇರಲಿಲ್ಲ.

ತೊಡಕು ಬಂದದ್ದು ನನ್ನನ್ನು ಪರಿಚಯಿಸುವಾಗ. ಷಡ್ಡಕರು ನನ್ನ ಹೆಗಲ ಮೇಲೆ ಕೈಯಿಟ್ಟು, ತಮಗೆ ಬರುವ ಇಂಗ್ಲಿಷಿನಲ್ಲಿ, ‘ಕೋ-ಬ್ರದರ್’ ಎಂದರು. ಎಲೆಯ ಮುಂದೆ ಕುಳಿತಿದ್ದ ನನ್ನ ಅಣ್ಣನ ಮಗ ತಲೆಯೆತ್ತಿ, “ದೊಡ್ಡಪ್ಪ, ಅಂಥಾ ಶಬ್ದನ ಇಲ್ಲ. ಬ್ರದರ್ ಇನ್ ಲಾ ಅನ್ರಿ” ಎಂದು ಎಲ್ಲರೆದುರು ತಿದ್ದಿದ. ಷಡ್ಡಕರ ಮುಖ ಸಣ್ಣದಾಯಿತು. ನಮ್ಮ ಈ ಹುಡುಗ ಕೆಟ್ಟವನಲ್ಲ. ಆದರೆ ಬೆಂಗಳೂರಿಗೆ ಹೋದ ಮೇಲೆ, ಹಿರಿಯರ ಇಂಗ್ಲಿಷನ್ನು ತಿದ್ದುವುದು ತನ್ನ ಹಕ್ಕೆಂದು ತಿಳಿದಿದ್ದಾನೆ. ಅಷ್ಟರಲ್ಲಿ ಮದುಮಗಳು ತನ್ನ ಅತ್ತೆಗೆ ಸ್ಪ್ಯಾನಿಷಿನಲ್ಲಿ ಏನೋ ಬಿಡಿಸಿ ಹೇಳಿದಳು. ಆ ಬೀಗತಿ ಹೋಳಿಗೆ ಮುರಿಯುತ್ತಿದ್ದ ಕೈಯನ್ನು ಹಾಗೆಯೇ ನಿಲ್ಲಿಸಿ, ನಮ್ಮಿಬ್ಬರನ್ನೂ ಬೆರಳಲ್ಲಿ ತೋರಿಸುತ್ತ, “ಕೊಂಕುನ್ಯಾದೊ!” ಎಂದರು.

ಕುನ್ಯಾದೊ ಎಂದರೆ ಭಾವ ಅಥವಾ ಮೈದುನ. ಅದರ ಹಿಂದೆ ‘ಕೊನ್’, ಅಂದರೆ ‘ಜೊತೆ’ ಎಂಬುದು ಸೇರಿದರೆ ಷಡ್ಡಕ. ಮಾವನಿಗೆ ಸ್ವೆಗ್ರೊ, ಅದಕ್ಕೂ ‘ಕೊನ್’ ಸೇರಿ ಕೊನ್ಸ್ವೆಗ್ರೊ ಆದರೆ ಬೀಗ. ನಮ್ಮವರು ‘ಕೋ’ ಹಚ್ಚಿ ಕಟ್ಟಿಕೊಂಡ, ಕಲಿತವರು ನಗುವ ಶಬ್ದವನ್ನು ಸ್ಪೇನಿನವರು ಅದೇ ರೀತಿಯಲ್ಲಿ ಕಟ್ಟಿ ನಿಘಂಟಿನಲ್ಲಿಯೇ ಇಟ್ಟುಕೊಂಡಿದ್ದಾರೆ. ಇಂಗ್ಲಿಷಿನಲ್ಲಾದರೋ ಮಾವ, ಅತ್ತೆ, ಅಳಿಯ, ಸೊಸೆ ಎಲ್ಲರೂ ‘ಇನ್ ಲಾ’ ಎಂಬ ಒಂದೇ ಬಾಲ ಹಚ್ಚಿಕೊಂಡವರು. ಆ ‘ಲಾ’ ಮೂಲದಲ್ಲಿ ಯಾರು ಯಾರನ್ನು ಮದುವೆಯಾಗಬಾರದು ಎಂದು ಗೊತ್ತುಮಾಡುತ್ತಿದ್ದ ಚರ್ಚಿನ ಕಾನೂನು. ಬೀಗರಿಗಂತೂ ಅಲ್ಲಿ ಬಳಕೆಯ ಹೆಸರೇ ಇಲ್ಲ. ಸ್ಪ್ಯಾನಿಷಿನಲ್ಲಿ ಅಳಿಯ ಯೆರ್ನೊ, ಸೊಸೆ ನ್ವೆರಾ. ಒಬ್ಬೊಬ್ಬರಿಗೂ ಸ್ವಂತ ಹೆಸರು. ಆ ಸ್ವೆಗ್ರೊ ಲ್ಯಾಟಿನ್ನಿನ ಮೂಲಕ ನಮ್ಮ ಪುರೋಹಿತರು ಹೇಳುವ ‘ಶ್ವಶುರ’ಕ್ಕೆ ಹತ್ತಿರದ ನೆಂಟ, ಎರಡರ ಬೇರೂ ಒಂದೇ.

ಹಾಗೆಂದು ಅವರ ಭಾಷೆಯಲ್ಲಿ ಎಲ್ಲವೂ ಸಲೀಸೆಂದಲ್ಲ. ಮದುವೆಯಿಂದ ಬಂದ ನೆಂಟರನ್ನು ಒಟ್ಟಾಗಿ ‘ಫಮಿಲಿಯಾ ಪೊಲೀತಿಕಾ’ ಎನ್ನುತ್ತಾರಂತೆ. ಬೀಗರು ಮೊಬೈಲಿಗೆ ಹೇಳಿದ ಆ ಮಾತು ಕನ್ನಡದಲ್ಲಿ ‘ರಾಜಕೀಯ ಕುಟುಂಬ’ ಎಂದು ಹೊರಬಿದ್ದಾಗ, ಸಾಲಿನಲ್ಲಿದ್ದ ಹಿರಿಯರೊಬ್ಬರು, ಯಾವ ಪಕ್ಷ ಎಂದು ಗಂಭೀರವಾಗಿಯೇ ಕೇಳಿದರು.

ಅಣ್ಣನ ಮಗನ ತಿದ್ದುಪಡಿ ನನ್ನನ್ನು ಕಾಡುತ್ತಿರುವುದು ಷಡ್ಡಕರಿಗೆ ಅವಮಾನವಾಯಿತೆಂಬ ಒಂದೇ ಕಾರಣಕ್ಕಲ್ಲ. ಅವನ ಇಂಗ್ಲಿಷಿನಲ್ಲಿ ನನ್ನ ಷಡ್ಡಕರೂ ಬ್ರದರ್ ಇನ್ ಲಾ, ನನ್ನ ಹೆಂಡತಿಯ ತಮ್ಮನೂ ಬ್ರದರ್ ಇನ್ ಲಾ. ನಮ್ಮಲ್ಲಿ ಈ ಇಬ್ಬರ ನಡುವೆ ಇರುವ ಅಂತರ ಸಣ್ಣದಲ್ಲ. ಅಕ್ಕತಂಗಿಯರ ಗಂಡಂದಿರು ಅಣ್ಣತಮ್ಮಂದಿರ ಲೆಕ್ಕ, ಆದ್ದರಿಂದ ಷಡ್ಡಕರ ಮಗಳು ನನ್ನನ್ನು ಕಾಕಾ ಎನ್ನುತ್ತಾಳೆ, ನನ್ನ ಮಗ ಅವಳಿಗೆ ತಮ್ಮ. ಹೆಂಡತಿಯ ತಮ್ಮನಾದರೋ ಅವಳಿಗೆ ಸೋದರಮಾವ. ಅವನ ಮಗ ಅವಳಿಗೆ ವರಸೆಯ ಹುಡುಗ, ಕೇಳಿ ತಂದುಕೊಳ್ಳಬಹುದಾದ ಸಂಬಂಧ. ಷಡ್ಡಕರ ‘ಕೋ-ಬ್ರದರ್’ ಈ ಅಣ್ಣತಮ್ಮಂದಿರ ವರಸೆಯನ್ನು ಉಳಿಸಿಕೊಂಡಿತ್ತು. ವ್ಯಾಕರಣ ಸರಿಮಾಡಲು ಹೋದ ನಮ್ಮ ಹುಡುಗ ಅದನ್ನೇ ಅಳಿಸಿದ. ಅವನಿಗೆ ಆಗಲೇ ಇದನ್ನು ಹೇಳಬೇಕೆನಿಸಿತು. ಆದರೆ ಊಟದ ನಡುವೆ ಜಗಳ ಬೇಡವೆಂದು ಹೆಂಡತಿ ಕಣ್ಣಲ್ಲಿಯೇ ತಡೆದಳು.

ಸ್ಪೇನಿನ ಬೀಗತಿಗೆ ಕೊನೆಗೂ ಬಗೆಹರಿಯದೆ ಉಳಿದದ್ದು ‘ಮಾವ’. ಸೊಸೆ ತನ್ನ ಗಂಡನ ತಂದೆಯನ್ನೂ, ತನ್ನ ತಾಯಿಯ ತಮ್ಮನನ್ನೂ ಒಂದೇ ಹೆಸರಿನಿಂದ ಕರೆಯುವುದನ್ನು ಅವರು ಗಮನಿಸಿದ್ದರು. ಅವರಲ್ಲಿ ಸೋದರಮಾವ ತೀಯೊ, ಗಂಡನ ತಂದೆ ಸ್ವೆಗ್ರೊ. ಒಂದಕ್ಕೊಂದು ಸೇರುವುದಿಲ್ಲ, ಏಕೆಂದರೆ ಕ್ಯಾಥೊಲಿಕ್ ಚರ್ಚು ಸೋದರಸಂಬಂಧಿಗಳ ಮದುವೆಗೆ ವಿಶೇಷ ಅನುಮತಿ ಬೇಡುತ್ತ ಬಂದಿದೆ. ನಮ್ಮಲ್ಲಿ ಸೋದರಮಾವನ ಮನೆಗೇ ಹೆಣ್ಣು ಕೊಡುವ ರೂಢಿ ಇರುವುದರಿಂದ ಎರಡೂ ಒಂದೇ ಶಬ್ದದಲ್ಲಿ ಕೂಡಿವೆ ಎಂದು ಮದುಮಗಳು ವಿವರಿಸಿದಾಗ, ಆಕೆ ಸ್ವಲ್ಪ ಹೊತ್ತು ಯೋಚಿಸಿ, ಮಜ್ಜಿಗೆ ಬಡಿಸುತ್ತ ನಿಂತಿದ್ದ ಸೋದರಮಾವನ ಕಡೆಗೆ ತಿರುಗಿ, ಹಾಗಾದರೆ ನಿಮ್ಮ ಮಗನೂ ಇವಳನ್ನು ಮದುವೆಯಾಗಬಹುದಿತ್ತೇ ಎಂದು ಕೇಳಿಸಿದರು.

“ನಾವು ಕೇಳಿದ್ವಿ,” ಎಂದ ನನ್ನ ಹೆಂಡತಿಯ ತಮ್ಮ, ಅವರ ಎಲೆಗೆ ಮಜ್ಜಿಗೆ ಹಾಕುತ್ತಲೇ. “ಈಕಿನ ಒಲ್ಲೆ ಅಂದ್ಳು.”