ಅಕೆರಾನ್ ನದಿ, ಅದರ ದಡದಲ್ಲಿ ಕಾಯುವವರು

ಗ್ರೀಕರ ಅಕೆರಾನ್ ನದಿಯನ್ನು ಮ್ಯಾಪಿನ ಮೇಲೆ ಬೆರಳಿಟ್ಟು ತೋರಿಸಬಹುದು. ನನಗೆ ಇದು ಇವತ್ತಿಗೂ ಆಶ್ಚರ್ಯ. ಸತ್ತವರ ಲೋಕಕ್ಕೆ ಹೋಗುವ ದಾರಿಯಲ್ಲಿ ಸಿಗುವ ನದಿ ಅಂತ ಹೋಮರನ ಕಾವ್ಯದಿಂದಲೂ ಹೆಸರಾದ ಇದು ಗ್ರೀಸಿನ ವಾಯವ್ಯ ಮೂಲೆಯಲ್ಲಿ, ಎಪಿರಸ್ ಎಂಬ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಅಮ್ಮೂದಿಯಾ ಎಂಬ ಸಣ್ಣ ಊರಿನ ಹತ್ತಿರ ಅಯೋನಿಯನ್ ಸಮುದ್ರ ಸೇರುತ್ತದೆ. ಉದ್ದ ಸುಮಾರು 50 ಕಿಲೋಮೀಟರ್. ಕೋಲಾರದಿಂದ ಬೆಂಗಳೂರಿಗೆ ಆಗುವಷ್ಟು ದೂರವೂ ಇಲ್ಲ!

ಇಷ್ಟು ಚಿಕ್ಕ ನದಿಗೆ ಇಷ್ಟು ದೊಡ್ಡ ಕಥೆ ಯಾಕೆ ಅಂಟಿಕೊಂಡಿತು ಅಂತ ಕೇಳಿದರೆ, ಉತ್ತರ ಅದು ಹರಿಯುವ ರೀತಿಯಲ್ಲೇ ಇದೆ ಅನ್ನುವುದು ನನ್ನ ನಂಬಿಕೆ. ಮೇಲಿನ ಭಾಗದಲ್ಲಿ ಅದು ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಕಿರಿದಾದ ಕಂದರದಲ್ಲಿ ನುಗ್ಗುತ್ತದೆ. ಬಂಡೆಗಳ ಬುಡದಿಂದ ಮಂಜಿನಂಥ ತಣ್ಣನೆ ನೀರು ಉಕ್ಕಿ ಬಂದು ಸೇರುತ್ತದೆ. ಗ್ಲಿಕಿ ಎಂಬ ಹಳ್ಳಿಯ ಹತ್ತಿರ ಕಂದರ ಮುಗಿದು ಬಯಲು ಶುರು. ಈಗ ಬೇಸಿಗೆಯಲ್ಲಿ ಪ್ರವಾಸಿಗರು ಅಲ್ಲಿ ನೀರಲ್ಲೇ ನಡೆದುಕೊಂಡು ಕಂದರದ ಒಳಗೆ ಹೋಗುತ್ತಾರೆ. ಆದರೆ ಹಳೆಯ ಕಾಲದಲ್ಲಿ ಬಯಲಿಗೆ ಇಳಿದ ಅದೇ ನದಿ ಅಕೆರೂಸಿಯಾ ಎಂಬ ಕೆರೆಗೆ, ಅದರ ಸುತ್ತಲಿನ ಜೌಗಿಗೆ ಬಂದು ಬೀಳುತ್ತಿತ್ತು. ಅಷ್ಟು ರಭಸದಿಂದ ಬಂದ ನೀರು ಅಲ್ಲಿ ನಿಂತೇ ಬಿಡುತ್ತಿತ್ತು. ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಥುಸಿಡೈಡಿಸ್ ಯುದ್ಧದ ಹಡಗುಗಳ ವಿಷಯ ಬರೆಯುವಾಗಲೂ ಈ ಕೆರೆಯನ್ನು ಹೆಸರಿಸಿದ್ದಾನೆ. ಅಂದರೆ ಇದು ಬರೀ ಕಥೆಯ ಕೆರೆಯಲ್ಲ. 20ನೇ ಶತಮಾನದಲ್ಲಿ ನೀರನ್ನು ಬಸಿದು ಅದನ್ನು ಹೊಲಗದ್ದೆ ಮಾಡಿದರು.

ಹೋಮರನ ಒಡಿಸ್ಸಿಯಲ್ಲಿ ಮಾಟಗಾತಿ ಸರ್ಸಿ ಕಥಾನಾಯಕ ಒಡಿಸಿಯಸ್‌ಗೆ ಪಾತಾಳದ ದಾರಿ ಹೇಳುತ್ತಾಳೆ: ಪಿರಿಫ್ಲೆಗೆಥಾನ್ ಮತ್ತು ಕೊಕಿಟಸ್ ನದಿಗಳೆರಡೂ ಬಂದು ಅಕೆರಾನ್ ಸೇರುವ ಜಾಗಕ್ಕೆ ಹೋಗು, ಅಲ್ಲೊಂದು ಬಂಡೆ ಇದೆ, ಅಲ್ಲಿ ಗುಂಡಿ ತೋಡು. ಕ್ರಿ.ಶ. 2ನೇ ಶತಮಾನದಲ್ಲಿ ಊರೂರು ಸುತ್ತಿ ಬರೆದ ಪೌಸೇನಿಯಸ್, ಹೋಮರ್ ಈ ಸೀಮೆಯನ್ನು ನೋಡಿದ್ದಿರಬೇಕು, ಇಲ್ಲಿನ ನದಿಗಳ ಹೆಸರನ್ನೇ ಪಾತಾಳದ ನದಿಗಳಿಗೆ ಇಟ್ಟಿರಬೇಕು ಅನ್ನುತ್ತಾನೆ. ಹೋಮರ್ ಬಂದನೋ ಇಲ್ಲವೋ, ಮನಸ್ಸು ಕೆಲಸ ಮಾಡಿದ ರೀತಿ ಮಾತ್ರ ಹೀಗೇ ಇರಬೇಕು. ಜನ ತಾವು ಕಂಡ ನೀರನ್ನೇ ಅಲ್ಲವಾ ಆ ಲೋಕಕ್ಕೂ ಒಯ್ಯುವುದು?

ನನ್ನನ್ನು ಜಾಸ್ತಿ ಕಾಡುವುದು ನದಿ ದಾಟುವವರ ಕಥೆಯಲ್ಲ, ದಾಟಲಾಗದೆ ಉಳಿದವರ ಕಥೆ. ರೋಮಿನ ಕವಿ ವರ್ಜಿಲ್ ಬರೆದ ಈನಿಡ್‌ನಲ್ಲಿ ದೋಣಿ ನಡೆಸುವ ಕೇರಾನ್ ಎಲ್ಲರನ್ನೂ ಹತ್ತಿಸಿಕೊಳ್ಳುವುದಿಲ್ಲ. ಮಣ್ಣಾಗದೆ ಉಳಿದವರನ್ನು ಹಿಂದಕ್ಕೆ ತಳ್ಳುತ್ತಾನೆ. ಅವರು 100 ವರ್ಷ ದಡದಲ್ಲೇ ಅಲೆಯಬೇಕು. ಅವರು ಪಾಪ ಮಾಡಿದವರೇನಲ್ಲ. ಅವರಿಗೆ ಮಾಡಬೇಕಾದ್ದನ್ನು ಬದುಕಿದ್ದವರು ಮಾಡಲಿಲ್ಲ, ಅಷ್ಟೇ. ಹೋಮರನಲ್ಲೂ ಒಡಿಸಿಯಸ್‌ಗೆ ಪಾತಾಳದಲ್ಲಿ ಮೊದಲು ಎದುರಾಗುವುದು ಎಲ್ಪೆನಾರ್. ಮಹಡಿಯಿಂದ ಬಿದ್ದು ಸತ್ತ ಹುಡುಗ. ಅವಸರದಲ್ಲಿ ಅವನ ಹೆಣವನ್ನು ಹಾಗೇ ಬಿಟ್ಟು ಬಂದಿದ್ದರು. ನನ್ನನ್ನು ಸುಡು, ಒಂದು ಗುಡ್ಡೆ ಹಾಕು ಅಂತ ಅವನು ಬೇಡಿಕೊಳ್ಳುತ್ತಾನೆ.

ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಒಂದು ಘಟನೆ ಇದೇ ಅಕೆರಾನ್ ದಡದ್ದು. ಕೊರಿಂಥ್ ಊರಿನ ದೊರೆ ಪೆರಿಯಾಂಡರ್ ಸ್ನೇಹಿತನೊಬ್ಬ ಒಪ್ಪಿಸಿಟ್ಟಿದ್ದ ಗಂಟು ಎಲ್ಲಿದೆ ಅಂತ ಸತ್ತ ಹೆಂಡತಿ ಮೆಲಿಸ್ಸಾಳನ್ನು ಕೇಳಲು ಇಲ್ಲಿಗೆ ಆಳುಗಳನ್ನು ಕಳಿಸಿದ. ಅವಳನ್ನು ಕೊಂದವನೂ ಅವನೇ. ಅವಳು ಬಂದಳು, ಹೇಳಲಿಲ್ಲ. ನನಗೆ ಚಳಿ, ಮೈಮೇಲೆ ಬಟ್ಟೆಯಿಲ್ಲ, ನೀವು ನನ್ನ ಜೊತೆ ಬಟ್ಟೆ ಹೂತಿರೇ ಹೊರತು ಸುಡಲಿಲ್ಲ ಅಂದಳು. ಓದಿದಾಗೆಲ್ಲ ಮೈ ಜುಮ್ಮೆನ್ನುತ್ತದೆ.

ಸತ್ತವರನ್ನು ಮಾತಾಡಿಸುತ್ತಿದ್ದ ಆ ಜಾಗ ಮೆಸೊಪೊಟಾಮೊಸ್ ಊರಿನ ಗುಡ್ಡದ ಮೇಲಿನ ಕಟ್ಟಡವೇ ಅಂತ ಪುರಾತತ್ವಜ್ಞ ಸೊಟಿರಿಯೋಸ್ ಡಕಾರಿಸ್ 1958ರಿಂದ ಅಗೆದು ಹೇಳಿದರು. ಆಮೇಲೆ ಬೇರೆಯವರು, ಅಲ್ಲಿ ಸಿಕ್ಕ ಕಂಚಿನ ತುಂಡುಗಳು ಕ್ಯಾಟಪಲ್ಟ್ ಎಂಬ ಯುದ್ಧಯಂತ್ರದ ಭಾಗಗಳು, ಅದು ಕೋಟೆಯಂತೆ ಕಟ್ಟಿಕೊಂಡ ತೋಟದ ಮನೆ ಅಂದರು. ನನಗೆ ಎರಡನೇ ಮಾತೇ ಸರಿ ಅನಿಸುತ್ತದೆ. ಕಟ್ಟಡ ಪೆರಿಯಾಂಡರ್ ಕಾಲಕ್ಕಿಂತ ಎಷ್ಟೋ ಈಚಿನದು.

ನಮ್ಮ ಕೋಲಾರದ ಕಡೆ ಹರಿಯುವ ಹೊಳೆ ಅಂತ ತೋರಿಸಲು ಏನಿದೆ? ಪಾಲಾರ್ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ನಮ್ಮ ಜಿಲ್ಲೆ ಹಾದು ಆಂಧ್ರ, ತಮಿಳುನಾಡಿಗೆ ಹೋಗುತ್ತದೆ. ಆದರೆ ಜೋರು ಮಳೆ ಬಂದ ವರ್ಷ ಬಿಟ್ಟರೆ ಅದರ ಪಾತ್ರದಲ್ಲಿ ಮರಳು, ಮುಳ್ಳಿನ ಗಿಡ. ನಾವು ಕೆರೆಯ ಜನ. ಆದರೂ ಸತ್ತವರ ವಿಷಯ ಬಂದರೆ ನಮಗೂ ಹೊಳೆಯೇ ಬೇಕು. ಅಸ್ಥಿ ಹಿಡಿದು ಕಾವೇರಿ ಹುಡುಕಿಕೊಂಡು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿವರೆಗೂ ಹೋಗುವವರಿದ್ದಾರೆ. ಗರುಡ ಪುರಾಣ ಓದಿಸುವ ಮನೆಗಳಲ್ಲಿ ರಕ್ತ, ಕೀವು ತುಂಬಿದ ವೈತರಣಿಯ ವರ್ಣನೆ ಬರುತ್ತದೆ, ಗೋದಾನ ಕೊಟ್ಟವರನ್ನು ಆ ಹಸು ದಾಟಿಸುತ್ತದೆ ಅನ್ನುತ್ತಾರೆ. ಗ್ರೀಕರು ಹೆಣದ ಬಾಯಲ್ಲಿ ಒಂದು ಕಾಸು ಇಡುತ್ತಿದ್ದರು, ಕೇರಾನನ ದೋಣಿಯ ಬಾಡಿಗೆಗೆ. ನಮ್ಮಲ್ಲಿ ಹಣೆಗೆ ಕಾಸು ಅಂಟಿಸುತ್ತೇವೆ. ಒಂದು ಇನ್ನೊಂದರಿಂದ ಬಂತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರ ಬೇಕು. ಹೋಗುವವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಇರುವುದು ಎರಡೂ ಕಡೆ ಒಂದೇ.

2021ರ ಕೊರೊನಾ ಬೇಸಿಗೆಯಲ್ಲಿ ಎಷ್ಟೋ ಅಸ್ಥಿ ಮಡಕೆಗಳು ಬೆಂಗಳೂರಿನ ಚಿತಾಗಾರಗಳಲ್ಲೇ ಉಳಿದವು. ಮನೆಯವರೇ ಆಸ್ಪತ್ರೆಯಲ್ಲಿದ್ದರು, ಇಲ್ಲವೇ ಹೆದರಿದ್ದರು. ಕೊನೆಗೆ ಸರ್ಕಾರವೇ ಅವನ್ನು ಒಯ್ದು ಕಾವೇರಿಯಲ್ಲಿ ಬಿಟ್ಟಿತು. ಆ ಸುದ್ದಿ ನೋಡಿದಾಗ ನನಗೆ ನೆನಪಾದದ್ದು ಎಲ್ಪೆನಾರ್. ಶಾಸ್ತ್ರ ಎಲ್ಲ ಮೂಢನಂಬಿಕೆ ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ, ನಾನು ಒಪ್ಪುವುದಿಲ್ಲ. ದುಡ್ಡು ಕೀಳುವ ದಾನಗಳನ್ನು ನಾನೂ ವಿರೋಧಿಸುತ್ತೇನೆ. ಆದರೆ ಸತ್ತ ಮನುಷ್ಯನಿಗೆ ನಾವು ಇನ್ನೂ ಒಂದು ಕೆಲಸ ಬಾಕಿ ಇಟ್ಟಿದ್ದೇವೆ ಅನ್ನುವ ಭಾವನೆ ಬೇರೆ, ಅದನ್ನು ಕಳೆದುಕೊಳ್ಳಬಾರದು. ಗ್ರೀಸಿಗೆ ಹೋಗುವ ಕೋಲಾರದವರು ಯಾರಾದರೂ ಇದ್ದರೆ ಗ್ಲಿಕಿಯ ಕಂದರ ನೋಡಿ ವಾಪಸ್ ಬಂದುಬಿಡಬೇಡಿ. ಕೆಳಗಿನ ಬಯಲಿಗೂ ಹೋಗಿ. ಕೆರೆ ಇಲ್ಲ, ಹೊಲ ಇದೆ, ಆದರೆ ಕಥೆ ಹುಟ್ಟಿದ್ದು ಅಲ್ಲಿಯೇ.