ಕಾಡಿಗೆ ಬೆಲೆ ಕಟ್ಟಲು ಸಾಧ್ಯವೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪರಿಸರ ವ್ಯವಸ್ಥೆಯ ಸೇವೆಗಳ ಕುರಿತು ಕೆಲಸ ಮಾಡುತ್ತೇನೆ ಎಂದು ತಿಳಿದ ಕೂಡಲೇ ಹೆಚ್ಚಿನವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಕಾಡಿಗೆ ಬೆಲೆ ಕಟ್ಟಲು ಸಾಧ್ಯವೇ?" ಕೊಡಗಿನ ಕಾಫಿ ಬೆಳೆಗಾರರು ಇದನ್ನು ಕೇಳುವಾಗ, ನಮ್ಮ ಮರಗಳಿಂದ ಊರಿಗೆಲ್ಲ ಉಪಯೋಗವಾಗುತ್ತಿದ್ದರೆ ನಮಗೇಕೆ ಏನೂ ಬರುವುದಿಲ್ಲ ಎಂಬ ಇನ್ನೊಂದು ಪ್ರಶ್ನೆ ಅದರೊಳಗೆ ಇರುತ್ತದೆ. ಹಿರಿಯರೊಬ್ಬರು ಕೇಳಿದಾಗ ಅವರ ಧ್ವನಿಯಲ್ಲಿ ನೋವಿತ್ತು. ದೇವರಕಾಡಿಗೂ ರೂಪಾಯಿಯಲ್ಲಿ ಲೆಕ್ಕ ಬರೆಯುವ ಕಾಲ ಬಂತೇ ಎಂದು ಅವರು ಬೇಸರಪಟ್ಟಿದ್ದರು. ಇಬ್ಬರಿಗೂ ನಾನು ಕೊಡುವ ಉತ್ತರ ಒಂದೇ. ಕಾಡು ಮಾಡುವ ಕೆಲಸಗಳಲ್ಲಿ ಕೆಲವಕ್ಕೆ, ಒಂದು ಜಾಗದಲ್ಲಿ, ಒಂದು ಕಾಲಕ್ಕೆ ಮಾತ್ರ ಬೆಲೆಯ ಲೆಕ್ಕ ಹಾಕಬಹುದು. ಆದರೆ ಆ ಮರದ ಮೇಲಿನ ಹಕ್ಕು ಯಾರದು, ಅದನ್ನು ಕಾಯುವ ಹೊಣೆ ಯಾರದು ಎಂಬುದು ಇತ್ಯರ್ಥವಾಗದ ಹೊರತು ಎಂಥ ಲೆಕ್ಕವೂ ಒಂದು ಮರವನ್ನು ಉಳಿಸಲಾರದು.

ಮಳೆನೀರನ್ನು ಹಿಡಿದು ನಿಧಾನವಾಗಿ ಹೊಳೆಗೆ ಬಿಡುವುದು, ಮಣ್ಣು ಜಾರದಂತೆ ತಡೆಯುವುದು, ಪರಾಗಸ್ಪರ್ಶ ಮಾಡುವ ಜೇನಿಗೆ ನೆಲೆ ಕೊಡುವುದು, ಸೌದೆ ಸೊಪ್ಪು ಒದಗಿಸುವುದು, ಇವೆಲ್ಲ ಸೇವೆಗಳೇ. 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ಇಂಥ ಸೇವೆಗಳ ಮೌಲ್ಯ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜು ಮಾಡಿದರು. ಆಗ ಜಗತ್ತಿನ ಎಲ್ಲ ದೇಶಗಳ ಒಟ್ಟು ಉತ್ಪನ್ನ ಸುಮಾರು 18 ಲಕ್ಷ ಕೋಟಿ ಡಾಲರ್ ಆಗಿತ್ತು. ಜನರ ಗಮನ ಸೆಳೆದ ಅಂಕಿ ಅದು, ಅದರ ಉಪಕಾರವನ್ನು ಅಲ್ಲಗಳೆಯಲಾರೆ. ಆದರೆ ಈ ಬೆಟ್ಟದ ಈ ಕಾಡನ್ನು ಕಡಿಯಬೇಕೇ ಬೇಡವೇ ಎಂದು ತೀರ್ಮಾನಿಸಲು ಕುಳಿತವರಿಗೆ ಆ ಅಂಕಿಯಿಂದ ಯಾವ ಸಹಾಯವೂ ಆಗುವುದಿಲ್ಲ.

ಸಹಾಯವಾಗುವ ಲೆಕ್ಕ ಸಣ್ಣ ಜಾಗದ್ದು. ಅದರ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ಉದಾಹರಣೆ ಕೊಸ್ಟಾರಿಕಾದ ಒಂದು ಕಾಫಿ ತೋಟದ್ದು. ಫಿಂಕಾ ಸಾಂತಾ ಫೆ ಎಂಬ ಆ ದೊಡ್ಡ ತೋಟದ ಪಕ್ಕದಲ್ಲಿ 46 ಮತ್ತು 111 ಹೆಕ್ಟೇರಿನ ಎರಡು ತುಂಡು ಕಾಡು ಉಳಿದುಕೊಂಡಿತ್ತು. ಟೇಲರ್ ರಿಕೆಟ್ಸ್ ಮತ್ತು ಸಂಗಡಿಗರು ಅಲ್ಲಿ ಕಾಡಿಗೆ ಹತ್ತಿರದ ಗಿಡಗಳನ್ನೂ ದೂರದ ಗಿಡಗಳನ್ನೂ ಹೋಲಿಸಿ ನೋಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಡಿನಿಂದ ಒಂದು ಕಿಲೋಮೀಟರ್ ಒಳಗಿದ್ದ ಗಿಡಗಳಲ್ಲಿ ಪರಾಗಸ್ಪರ್ಶದಿಂದಾಗಿ ಇಳುವರಿ ಶೇ 20ರಷ್ಟು ಹೆಚ್ಚಿತ್ತು. ಪೀಬೆರಿ ಎಂದು ಕರೆಯುವ ಒಂಟಿ ಬೀಜದ ಕಾಯಿಗಳು ಶೇ 27ರಷ್ಟು ಕಡಿಮೆಯಿದ್ದವು. ಆ ಎರಡು ತುಂಡು ಕಾಡಿನ ಜೇನುಗಳು ಒಂದೇ ತೋಟಕ್ಕೆ ವರ್ಷಕ್ಕೆ ಸುಮಾರು 60,000 ಡಾಲರ್ ಆದಾಯ ತಂದುಕೊಡುತ್ತಿದ್ದವು ಎಂಬುದು ಅವರ ಲೆಕ್ಕ. ಹೀಗೆ ತೋಟದಲ್ಲಿ ನಿಂತು, ಗಿಡ ಎಣಿಸಿ, ಕಾಯಿ ತೂಗಿ ಪಡೆದ ಅಂಕಿಯನ್ನು ನಾನು ಗೌರವಿಸುತ್ತೇನೆ.

ಎರಡು ವರ್ಷ ಕಳೆದ ಮೇಲೆ ಡಗ್ಲಸ್ ಮೆಕಾಲಿ ಎಂಬ ಇನ್ನೊಬ್ಬ ವಿಜ್ಞಾನಿ ಈ ಕಥೆಯ ಮುಂದಿನ ಭಾಗವನ್ನು ಬರೆದರು. ಕಾಫಿಯ ಧಾರಣೆ ಕುಸಿದ ದಿನಗಳಲ್ಲಿ ಆ ತೋಟದವರು ಕಾಫಿ ಗಿಡ ತೆಗೆದು ಅನಾನಸ್ ಹಾಕಿದ್ದರು. ಅನಾನಸಿಗೆ ಕಾಡಿನ ಜೇನು ಬೇಕಿಲ್ಲ. ಕಾಡು ಅಲ್ಲಿಯೇ ಇತ್ತು, ಜೇನೂ ಇತ್ತು, ಆದರೆ ಅವು ಮಾಡುತ್ತಿದ್ದ ಕೆಲಸದ ಬೆಲೆ ಆ ತೋಟದ ಮಟ್ಟಿಗೆ ಸೊನ್ನೆಗಿಳಿಯಿತು. ಕಾಡನ್ನು ಅದರ ಬೆಲೆಯ ಕಾರಣಕ್ಕಾಗಿಯೇ ಉಳಿಸುತ್ತೇವೆ ಎಂದು ಹೊರಟರೆ, ದೂರದ ಮಾರುಕಟ್ಟೆಯ ಧಾರಣೆ ಇಳಿದ ದಿನ ಆ ಕಾರಣವೂ ಇಲ್ಲವಾಗುತ್ತದೆ.

ಇದೇ ಮಾತನ್ನು ಕೊಡಗಿಗೆ ತಂದು ನೋಡೋಣ. ಇಲ್ಲಿಯ ಮುಖ್ಯ ಬೆಳೆಯಾದ ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿ ಅಥವಾ ಜೇನು ಬೇರೆ ಗಿಡದ ಪರಾಗವನ್ನು ತರಲೇಬೇಕು. ಹೂ ಅರಳಿಸುವ ಮಳೆಯಾದ ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಬೆಳ್ಳಗೆ ಅರಳುತ್ತದೆ ಮತ್ತು ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಆ ಅಲ್ಪಾವಧಿಯಲ್ಲಿ ದುಡಿಯುವುದು ಹೆಜ್ಜೇನು, ತುಡುವೆ ಮತ್ತು ಚುಚ್ಚದ ಪುಟ್ಟ ಜೇನುಗಳು; ಕೊಡಗಿನಲ್ಲಿ ನಡೆದ ಅಧ್ಯಯನ ಇವುಗಳಲ್ಲಿ ಹೆಜ್ಜೇನಿನ ಪಾಲು ದೊಡ್ಡದೆಂದು ತೋರಿಸಿದೆ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿಟ್ಟು ಸಾಕಲಾಗದು. ಅದಕ್ಕೆ ಎತ್ತರದ, ಕೊಂಬೆ ಚಾಚಿದ ಹಳೆಯ ಮರವೇ ಬೇಕು. ಅಂದರೆ ಬೆಳೆಗಾರರ ಆದಾಯದ ಒಂದು ಭಾಗ ಅವರದೇ ತೋಟದ ಅಥವಾ ಪಕ್ಕದ ದೇವರಕಾಡಿನ ಹಿರಿಮರಗಳನ್ನು ನೆಚ್ಚಿಕೊಂಡಿದೆ.

ಬೆಳೆಗಾರರಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಹಾಗಿದ್ದರೂ ಅತ್ತಿ, ನಂದಿ, ಹೊನ್ನೆ, ಬೀಟೆಗಳ ನೆರಳಿದ್ದ ಜಾಗಕ್ಕೆ ವರ್ಷದಿಂದ ವರ್ಷಕ್ಕೆ ಸಿಲ್ವರ್ ಓಕ್ ಬರುತ್ತಿರುವುದೇಕೆ ಎಂಬುದೇ ನನ್ನನ್ನು ಬಹುಕಾಲ ಕಾಡಿದ ವಿಷಯ. ಆಸ್ಟ್ರೇಲಿಯಾ ಮೂಲದ ಈ ಮರ ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಕರಿಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ, ಇವೆಲ್ಲ ನಿಜ. ಆದರೆ ದೊಡ್ಡ ಕಾರಣ ಕಂದಾಯದ ದಾಖಲೆಗಳಲ್ಲಿದೆ. ಕೊಡಗಿನಲ್ಲಿ ಗದ್ದೆಗೆ ಸೇರಿದ ಬಾಣೆ ಜಾಗಗಳು ಮೊದಲಿಗೆ ಮೇವು, ಸೊಪ್ಪು, ಸೌದೆಗಳಿಗಾಗಿ ಬಿಟ್ಟುಕೊಟ್ಟ ಜಾಗಗಳಾಗಿದ್ದವು. ಕಾಫಿ ಅಲ್ಲಿಗೆ ಬಂದದ್ದು ಆಮೇಲೆ. ಮರದ ಮೌಲ್ಯವನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ, ಅನ್‌ರಿಡೀಮ್ಡ್ ಎಂದು ದಾಖಲಾದ ಜಮೀನಿನಲ್ಲಿ ಕಾಡುಜಾತಿಯ ಮರದ ಮೇಲಿನ ಹಕ್ಕು ಇಂದಿಗೂ ಸರ್ಕಾರದ್ದು. ನೆರಳು ಕಾಯ್ದುಕೊಳ್ಳುವುದು, ಮರಗಸಿ ಮಾಡಿಸುವುದು (ಕೊಂಬೆ ಸವರಿಸುವುದು), ಬಿದ್ದ ಕೊಂಬೆಯಿಂದಾದ ನಷ್ಟ ಅನುಭವಿಸುವುದು ಬೆಳೆಗಾರರ ಪಾಲು. ಮಾರಿ ಹಣ ಪಡೆಯಬೇಕೆಂದರೆ ಅರ್ಜಿ, ಅಳತೆ, ಅನುಮತಿ, ಶುಲ್ಕ. ಸಿಲ್ವರ್ ಓಕ್‌ಗೆ ಈ ತೊಡಕುಗಳಿಲ್ಲ.

ಈ ನಿಯಮಗಳ ಉದ್ದೇಶ ಕಾಡುಮರವನ್ನು ಕಾಪಾಡುವುದೇ ಆಗಿತ್ತು ಎಂಬುದನ್ನು ಗಮನಿಸಬೇಕು. ಆದರೆ ತಾನು ಕಾಪಾಡಿ ಬೆಳೆಸಿದ ಮರವನ್ನು ಮೊಮ್ಮಗನ ಕಾಲಕ್ಕಾದರೂ ಕಡಿಯಲಾಗದು ಎಂದು ತಿಳಿದವನು ಆ ಸಸಿ ತಾನಾಗಿ ಹುಟ್ಟಿದಾಗಲೇ ಕಳೆಯೊಂದಿಗೆ ಕಿತ್ತು ಹಾಕುತ್ತಾನೆ. ದೊಡ್ಡ ಮರ ಕಡಿದರೆ ಎಲ್ಲರಿಗೂ ಕಾಣುತ್ತದೆ, ಮೊಣಕಾಲೆತ್ತರದ ನಂದಿ ಸಸಿಯನ್ನು ಕಿತ್ತರೆ ಯಾವ ದಾಖಲೆಯಲ್ಲೂ ಬರುವುದಿಲ್ಲ. ಹೆಜ್ಜೇನಿನ ಪರಾಗಸ್ಪರ್ಶಕ್ಕೆ ಎಕರೆಗಿಷ್ಟು ರೂಪಾಯಿ ಎಂದು ನಾನು ಎಷ್ಟೇ ನಿಖರವಾಗಿ ಲೆಕ್ಕ ಕೊಟ್ಟರೂ ಈ ನಿಯಮ ಇರುವವರೆಗೆ ಆ ಸಸಿ ಉಳಿಯುವುದಿಲ್ಲ.

ನಮ್ಮ ದೇಶದಲ್ಲಿ ಕಾಡಿಗೆ ಅಧಿಕೃತವಾಗಿಯೇ ಒಂದು ಬೆಲೆಯಿದೆ ಎಂದರೆ ಅನೇಕರು ಬೆರಗಾಗುತ್ತಾರೆ. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ, ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸುವವರು ಕಟ್ಟಬೇಕಾದ ನಿವ್ವಳ ಪ್ರಸ್ತುತ ಮೌಲ್ಯವನ್ನು, ಅಂದರೆ ಆ ಕಾಡಿನಿಂದ ಮುಂದೆ ಸಿಗಬೇಕಿದ್ದ ಉಪಯೋಗಗಳ ಇಂದಿನ ಬೆಲೆಯನ್ನು, ಕಾಡಿನ ಬಗೆ ಮತ್ತು ದಟ್ಟಣೆಗೆ ತಕ್ಕಂತೆ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಎಂದು ನಿಗದಿ ಮಾಡಿತು. ಅಭಯಾರಣ್ಯಕ್ಕೆ ಅದರ ಐದು ಪಟ್ಟು, ರಾಷ್ಟ್ರೀಯ ಉದ್ಯಾನಕ್ಕೆ ಹತ್ತು ಪಟ್ಟು. 2022ರಲ್ಲಿ ದರಗಳನ್ನು ಏರಿಸಲಾಯಿತು. ಏನನ್ನೂ ಕಟ್ಟದೆ ಕಡಿಯುತ್ತಿದ್ದ ಕಾಲಕ್ಕಿಂತ ಇದು ಮೇಲು. ಆದರೂ ಇದು ಕಾಡು ಹೋಗುವಾಗ ಹುಟ್ಟುವ ಬೆಲೆ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯ ಪ್ರಕಾರ ಆ ಹಣದ ಶೇ 90 ಭಾಗ ರಾಜ್ಯದ ನಿಧಿಗೆ, ಶೇ 10 ಭಾಗ ಕೇಂದ್ರದ ನಿಧಿಗೆ ಸೇರುತ್ತದೆ. ಕಾಡು ನಿಂತಿರುವಷ್ಟು ದಿನ ಅದನ್ನು ಕಾಯ್ದವರಿಗೆ ಕೊಡಬೇಕಾದ ಬೆಲೆಯ ಮಾತು ಅಲ್ಲಿ ಬರುವುದೇ ಇಲ್ಲ.

ಆ ಮಾತು ಬರಬೇಕಾದದ್ದು ನೀರಿನ ಲೆಕ್ಕದಲ್ಲಿ. ಕೊಡಗಿನಲ್ಲಿ ಹುಟ್ಟುವ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪುಗಳ ಮೂಲಕ ಮೇಲೇರಿ ಬೆಂಗಳೂರಿಗೆ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೆಯ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ತರುವಂಥದು. ಅದರ ಮರುತಿಂಗಳು ರಾಜ್ಯದ ಅರಣ್ಯ ಸಚಿವರು, ಪಶ್ಚಿಮ ಘಟ್ಟದ ನದಿಗಳ ನೀರು ಕುಡಿಯುವ ನಗರಗಳ ನೀರಿನ ಬಿಲ್ಲಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ಸೇರಿಸುವ ಪ್ರಸ್ತಾವ ಸಿದ್ಧಪಡಿಸುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಹಿಮಾಚಲದ ಪಾಲಂಪುರದಲ್ಲಿ ಪಟ್ಟಣ ಆಡಳಿತವು ತನ್ನ ನೀರಿನ ಸೆಲೆಯ ಮೇಲ್ಭಾಗದ ಕಾಡು ಕಾಯುವ ಹಳ್ಳಿಗಳಿಗೆ ಹಣ ಕೊಡುವ ಒಪ್ಪಂದ ಮಾಡಿಕೊಂಡಿದೆ. ಕೊಸ್ಟಾರಿಕಾ 1996ರ ಅರಣ್ಯ ಕಾಯ್ದೆಯಡಿ ಇಂಧನ ತೆರಿಗೆಯ ಪಾಲನ್ನು ಕಾಡು ಉಳಿಸಿಕೊಂಡ ಜಮೀನುದಾರರಿಗೆ ಕೊಡುತ್ತ ಬಂದಿದೆ. ಅದೇ ಕಾಯ್ದೆ ಕಾಡನ್ನು ಬೇರೆ ಬಳಕೆಗೆ ಬದಲಿಸುವುದನ್ನು ನಿಷೇಧಿಸಿದೆ ಎಂಬುದನ್ನು ನಾವು ಮರೆಯುತ್ತೇವೆ. ನಮ್ಮ ಸೆಸ್ಸಿನ ಪ್ರಸ್ತಾವವನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಆದರೆ ಆ ಹಣ ನೆರಳುಮರ ಉಳಿಸಿಕೊಂಡ ಸಣ್ಣ ಬೆಳೆಗಾರರ ಕೈ ಸೇರಬೇಕು, ಅವರಿಗೆ ಮರದ ಹಕ್ಕೂ ಸಿಗಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಇನ್ನೊಂದು ಕೆಲಸಕ್ಕೆ ಬಾರದು.

ಇನ್ನು ಆ ಹಿರಿಯರ ನೋವಿಗೆ ಬರುತ್ತೇನೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಯಾರೂ ಅವುಗಳಿಗೆ ಬೆಲೆ ಕಟ್ಟಿರಲಿಲ್ಲ. ಅಲ್ಲಿಯ ಕಡ್ಡಿಯನ್ನೂ ಮನೆಗೆ ತರಬಾರದು ಎಂಬ ನಂಬಿಕೆಯೇ ಅವುಗಳ ಬೇಲಿಯಾಗಿತ್ತು. ಆ ನಂಬಿಕೆ ಯಾವ ಸಂಶೋಧನೆಗಿಂತಲೂ ಹಳೆಯದು, ಮತ್ತು ಅದನ್ನು ರೂಪಾಯಿಗೆ ಇಳಿಸುವ ಅಗತ್ಯ ನನಗೂ ಕಂಡಿಲ್ಲ. ಆದರೆ 1905ರಲ್ಲಿ ಈ ಕಾಡುಗಳ ಆಡಳಿತ ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಹೋಯಿತು. 1985ರಲ್ಲಿ ಮರಳಿ ಬರುವ ಹೊತ್ತಿಗೆ 15,000 ಎಕರೆಗೂ ಮೀರಿದ್ದ ವಿಸ್ತೀರ್ಣದಲ್ಲಿ ಸುಮಾರು 6,000 ಎಕರೆಯಷ್ಟೇ ಉಳಿದಿತ್ತು. ಊರಿನವರ ಭಕ್ತಿ ಆ ಎಂಬತ್ತು ವರ್ಷವೂ ಇತ್ತು, ವರ್ಷವರ್ಷ ಹಬ್ಬಗಳೂ ನಡೆದವು. ಆದರೆ ಗಡಿ ಒತ್ತುವರಿಯಾದಾಗ ತಡೆಯುವ ಅಧಿಕಾರ ಊರಿನ ಕೈಯಲ್ಲಿರಲಿಲ್ಲ, ಅಧಿಕಾರ ಇದ್ದವರಿಗೆ ಆ ಕಾಡು ದೇವರದ್ದಾಗಿರಲಿಲ್ಲ.

ಆದ್ದರಿಂದ ನನ್ನನ್ನು ಪ್ರಶ್ನೆ ಕೇಳಿದವರನ್ನು ನಾನೂ ಒಂದು ಮಾತು ಕೇಳುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜನರೊಂದಿಗೆ ಕುಳಿತು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ದಾಖಲಾತಿಯನ್ನು ತೋರಿಸಿ ಎಂದು ಕೇಳಿದ್ದೀರಾ? ನಿಮ್ಮ ದೇವರಕಾಡಿನ ಗಡಿ ಅದರಲ್ಲಿ ಅಳತೆಯೊಂದಿಗೆ ಬರೆದಿದೆಯೇ, ಹೆಜ್ಜೇನು ವರ್ಷವೂ ಬಂದು ಕೂರುವ ಮರಗಳ ಹೆಸರೂ ಜಾಗವೂ ಅದರಲ್ಲಿದೆಯೇ?