ಬಲೆಗೆ ಬೀಳುವ ಮೊದಲೋ, ಬಿದ್ದ ಮೇಲೋ?

ವಿರಾಜಪೇಟೆಯ ಒಂದು ಆಸ್ಪತ್ರೆಯಲ್ಲಿ ನಾನು ಡಯಟೀಷಿಯನ್. ಕೊಡಗಿಗೆ ಸಮುದ್ರ ಇಲ್ಲ, ಆದರೆ ಸಮುದ್ರದ ಮೀನಿಗೆ ಬರವಿಲ್ಲ. ಮಾಕುಟ್ಟದ ಘಾಟಿ ಹತ್ತಿ ಕಣ್ಣೂರು, ತಲಶ್ಶೇರಿ ಕಡೆಯದು ಬರುತ್ತದೆ. ಮಡಿಕೇರಿಗೆ ಸಂಪಾಜೆ ದಾರಿಯಲ್ಲಿ ಮಂಗಳೂರಿನದು. ಹಾಗಾಗಿ ಕರಾವಳಿಯಲ್ಲಿ ಏನಾದರೂ ಆದರೆ ನನ್ನ ಟೇಬಲ್ ಮುಂದೆ ತಕ್ಷಣ ಗೊತ್ತಾಗುತ್ತದೆ.

2025ರ ಮೇ 25ರಂದು 640 ಕಂಟೇನರ್ ಹೊತ್ತಿದ್ದ ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿಯ ಆಚೆ ಮುಳುಗಿತು. ಜೂನ್ 9ಕ್ಕೆ ಕಣ್ಣೂರಿನ ಆಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಆಮೇಲೆ ಬಂದ ಗರ್ಭಿಣಿಯರದ್ದು, ಅವರ ಅತ್ತೆಯಂದಿರದ್ದು ಎಲ್ಲರದ್ದೂ ಒಂದೇ ಪ್ರಶ್ನೆ: "ಮೀನು ತಿನ್ಬೋದಾ ಮೇಡಂ?"

"ಬೇಡ ಬಿಡಿ" ಅಂದರೆ ನನ್ನ ಕೆಲಸ ಸುಲಭ. ಆದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ಬೇಕಾದ ಒಮೆಗಾ-3 ಮೀನಿನಲ್ಲಿ ಸಿಗುವಷ್ಟು ಸಲೀಸಾಗಿ ಬೇರೆಲ್ಲೂ ಸಿಗುವುದಿಲ್ಲ. ಅದಕ್ಕೇ ಈಗ ನಾನು ತಿರುಗಿ ಕೇಳುತ್ತೇನೆ: ನಿಮಗೆ ಯಾವುದರ ಭಯ? ಮೀನು ಬದುಕಿದ್ದಾಗ ಅದರೊಳಗೆ ಸೇರಿದ್ದರದ್ದಾ, ಹಿಡಿದ ಮೇಲೆ ಸೇರಿದ್ದರದ್ದಾ? ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲನೆಯದರಲ್ಲಿ ದೊಡ್ಡದು ಪಾದರಸ. ಕಲ್ಲಿದ್ದಲು ಸುಟ್ಟ ಹೊಗೆಯಿಂದ, ಕಾರ್ಖಾನೆಗಳಿಂದ ನೀರಿಗೆ ಸೇರುತ್ತದೆ. ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ, ಅದನ್ನು ಇನ್ನೂ ದೊಡ್ಡದು. ಮೇಲೆ ಹೋದಂತೆ ವಿಷ ಗಟ್ಟಿಯಾಗುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆ ಇದರದ್ದೇ. ಇದು ಮೀನಿನ ಮಾಂಸದಲ್ಲೇ ಅಂಟಿಕೊಂಡಿರುತ್ತದೆ. ತೊಳೆದರೆ ಹೋಗಲ್ಲ, ಹುರಿದರೂ ಹೋಗಲ್ಲ. "ಕಾಚಂಪುಳಿ ಹಾಕಿದ್ರೆ ಹೋಗಲ್ವಾ?" ಅಂತ ಒಬ್ಬರು ಅಜ್ಜಿ ನಮ್ಮ ಕೊಡಗಿನ ಕಪ್ಪು ಹುಳಿಯ ಬಗ್ಗೆ ಕೇಳಿದ್ದರು. ಇಲ್ಲ ಅಜ್ಜಿ, ಕಾಚಂಪುಳಿಯಿಂದಲೂ ಆಗಲ್ಲ.

ಇಲ್ಲಿ ನನಗೆ ಪದೇ ಪದೇ ಎದುರಾಗುವುದು ಒಂದು ತಮಾಷೆಯ ಕಷ್ಟ. ಮನೆಯಲ್ಲಿ ಹೆಂಡತಿ ಬಸುರಿ ಅಂದ ಕೂಡಲೇ ಗಂಡ ಅಗ್ಗದ ಸಣ್ಣ ಮೀನು ಮತ್ತಿ (ಬೂತಾಯಿ) ಬಿಟ್ಟು ದೊಡ್ಡ ಅಂಜಲ್ ಮೀನು ತರಲು ಶುರು ಮಾಡುತ್ತಾನೆ. ಪ್ರೀತಿಗೇ ತರುವುದು, ಬೈಯುವ ಹಾಗೂ ಇಲ್ಲ. ಆದರೆ ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಎಫ್‌ಎಒದ ಜಂಟಿ ತಜ್ಞರ ಸಮಿತಿ 2003ರಲ್ಲಿ ಹಾಕಿದ ಮಿತಿ, ವಾರಕ್ಕೆ ದೇಹದ ಒಂದು ಕೆಜಿ ತೂಕಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. 50 ಕೆಜಿ ಇರುವ ಹೆಂಗಸಿಗೆ 80 ಮೈಕ್ರೋಗ್ರಾಂ. ಮೀನಿನ ಒಂದು ಕೆಜಿಯಲ್ಲಿ ಅರ್ಧ ಮಿಲಿಗ್ರಾಂ ಇದ್ದರೆ 160 ಗ್ರಾಂ ತಿನ್ನುವಷ್ಟರಲ್ಲಿ ಆ ವಾರದ ಪಾಲು ಮುಗಿಯಿತು. ಅಂದರೆ ದಪ್ಪದ ಒಂದೆರಡು ತುಂಡು. ಅದೇ ಮೀನಿನಲ್ಲಿ ಅದರ ಹತ್ತನೇ ಒಂದು ಭಾಗ ಇದ್ದರೆ ಒಂದೂವರೆ ಕೆಜಿ ದಾಟಬಹುದು.

ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಟ್ಟಿಯಲ್ಲಿ ಮತ್ತಿಯ ಜಾತಿಯ ಸಾರ್ಡೀನ್‌ಗೆ ಸರಾಸರಿ ಪಾದರಸ 0.013 ಪಿಪಿಎಂ (ಕೆಜಿಗೆ ಅಷ್ಟು ಮಿಲಿಗ್ರಾಂ), ಶಾರ್ಕ್‌ಗೆ 0.979. ಅದು ಅಲ್ಲಿನ ಮೀನು, ನಮ್ಮ ಮಾರ್ಕೆಟ್ಟಿನದಲ್ಲ. ಆದರೆ ಸಣ್ಣದಕ್ಕೂ ದೊಡ್ಡದಕ್ಕೂ ಇರುವ ಅಂತರ ಎಲ್ಲಾ ಕಡಲಲ್ಲೂ ಇದೇ ದಿಕ್ಕಿನದು. ಹಾಗಾಗಿ ಬಸುರಿಯರಿಗೆ, ಹಾಲೂಡಿಸುವವರಿಗೆ, ಸಣ್ಣ ಮಕ್ಕಳಿಗೆ ನಾನು ಹೇಳುವುದು ಮತ್ತಿ, ನೆತ್ತಿಲಿ, ಸಣ್ಣ ಬಂಗುಡೆ. ವಾರಕ್ಕೆ ಎರಡು ಮೂರು ಸಲ. ಶಾರ್ಕ್ ಬೇಡವೇ ಬೇಡ. ದೊಡ್ಡ ಅಂಜಲ್, ದೊಡ್ಡ ಟ್ಯೂನಾ ಅಪರೂಪಕ್ಕೆ. ಮೀಥೈಲ್ ಪಾದರಸ ಮೈಯಿಂದ ಅರ್ಧ ಇಳಿಯಲು ಸುಮಾರು 50 ದಿನ ಬೇಕು, ಆದ್ದರಿಂದ ಮಗು ಬೇಕು ಅಂದುಕೊಂಡಿರುವವರು ಕೆಲವು ತಿಂಗಳು ಮೊದಲೇ ಎಚ್ಚರ ವಹಿಸುವುದು ಒಳ್ಳೆಯದು. ಅಗ್ಗದ ಮೀನೇ ಒಳ್ಳೆಯದು ಅಂದಾಗ ಗಂಡಂದಿರ ಮುಖ ನೋಡಬೇಕು, ನಂಬುವುದೇ ಇಲ್ಲ.

ಎಲ್ಲಾ ಕಲ್ಮಶ ಮಾಂಸದಲ್ಲೇ ಇರುವುದಿಲ್ಲ. ಪ್ಲಾಸ್ಟಿಕ್‌ನ ಸಣ್ಣ ಕಣಗಳು ಹೆಚ್ಚಾಗಿ ಕರುಳಿನಲ್ಲಿರುತ್ತವೆ, ಹೊಟ್ಟೆ ತೆಗೆದರೆ ಬಹುಪಾಲು ಹೋಯಿತು. ನೆತ್ತಿಲಿಯನ್ನು ಇಡಿಯಾಗಿ ಹುರಿಯುವವರು ತಲೆ ಜೊತೆ ಹೊಟ್ಟೆಯನ್ನೂ ಚಿವುಟಿದರೆ ಸಾಕು. ಏಡಿಯೊಳಗಿನ ಹಳದಿ ಭಾಗ, ಬೊಂಡಾಸಿನ (ಸ್ಕ್ವಿಡ್) ಕರುಳು ಕ್ಯಾಡ್ಮಿಯಂ ಎಂಬ ವಿಷಲೋಹ ಕೂಡಿಟ್ಟುಕೊಳ್ಳುವ ಜಾಗ. ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿ ನೀರು ಸೋಸಿಯೇ ಬದುಕುತ್ತದೆ, ಮತ್ತೆ ನಾವು ಅದನ್ನು ಕರುಳು ಸಮೇತ ತಿನ್ನುತ್ತೇವೆ. ಅದು ಯಾವ ನೀರಿನಲ್ಲಿ ಬೆಳೆದದ್ದು ಎಂಬುದೇ ಮುಖ್ಯ. ಪೇಟೆಯ ಚರಂಡಿ ಸೇರುವ ಹೊಳೆಬಾಯಿಯದಾದರೆ ನಾನಂತೂ ಮುಟ್ಟುವುದಿಲ್ಲ.

ಇನ್ನು ಬಲೆಗೆ ಬಿದ್ದ ಮೇಲಿನದು. 2018ರಲ್ಲಿ ಕೇರಳದವರು ಆಪರೇಷನ್ ಸಾಗರ್ ರಾಣಿ ಅಂತ ತಪಾಸಣೆ ಮಾಡಿ ಕೆಡದಂತೆ ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿದ ಮೀನು ಹಿಡಿದರು. ಕೊಚ್ಚಿಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಸಿಐಎಫ್‌ಟಿ ಅದನ್ನು ಪತ್ತೆ ಮಾಡುವ ಕಿಟ್ಟನ್ನೂ ತಂದಿತು. ಫಾರ್ಮಲಿನ್ ಬಗ್ಗೆ ಎಲ್ಲರಿಗೂ ಗೊತ್ತು. ಐಸ್ ಬಗ್ಗೆ ಯಾರೂ ಕೇಳುವುದಿಲ್ಲ. ಬಂಗುಡೆ, ಮತ್ತಿ, ಟ್ಯೂನಾ ತಣ್ಣಗಿಲ್ಲದೆ ಘಾಟಿ ಹತ್ತಿದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥದ್ದೇ ತೊಂದರೆ ಕೊಡುವ ವಸ್ತು ಹುಟ್ಟುತ್ತದೆ. ಅದೂ ಬೇಯಿಸಿದರೆ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗುತ್ತದೆ, ತಲೆನೋವು, ಬಾಯಿ ಉರಿ. "ನನಗೆ ಮೀನೇ ಆಗಲ್ಲ" ಅಂತ ಬರುವ ಕೆಲವರಿಗೆ ಅಲರ್ಜಿ ಇರುವುದಿಲ್ಲ, ಆ ದಿನದ ಮೀನಿಗೆ ಐಸ್ ಇರಲಿಲ್ಲ ಅಷ್ಟೇ. ಖಾತ್ರಿ ಮಾಡಿಕೊಳ್ಳಲು ಮಾತ್ರ ಡಾಕ್ಟರಿಗೇ ತೋರಿಸಬೇಕು, ಅಲರ್ಜಿ ಮನೆಯಲ್ಲೇ ತಿಂದು ಪರೀಕ್ಷೆ ಮಾಡುವ ವಿಷಯವಲ್ಲ. ಅಂಗಡಿಯಲ್ಲಿ ಐಸಿನ ಮೇಲೆ ಬರೀ ಒರಗಿಸಿಟ್ಟ ಮೀನು ಬೇಡ, ಐಸಿನೊಳಗೆ ಹೂತಿಟ್ಟದ್ದನ್ನು ಕೇಳಿ ತೆಗೆದುಕೊಳ್ಳಿ.

ಮಳೆಗಾಲದ ಟ್ರಾಲಿಂಗ್ ನಿಷೇಧದಲ್ಲಿ ಒಣಮೀನಿನ ಸರದಿ. ನೀರು ಆರಿರುವುದರಿಂದ ಅದರಲ್ಲಿ ಎಲ್ಲವೂ ಗ್ರಾಂ ಲೆಕ್ಕದಲ್ಲಿ ಜಾಸ್ತಿ, ಲೋಹವೂ ಉಪ್ಪೂ. ಸಣ್ಣ ಮೀನಿನದಾದರೆ ಲೋಹದ ಚಿಂತೆ ಕಡಿಮೆ. ಆದರೆ ಬಿಪಿ ಇರುವ ಹಿರಿಯರಿಗೆ ಈ ಉಪ್ಪಿನ ಮಾತನ್ನು ಒಪ್ಪಿಸುವುದು ನನ್ನಿಂದ ಇನ್ನೂ ಆಗಿಲ್ಲ.